ಚೀಸ್ ಬೋರ್ಡಿನ ಯಜಮಾನ

ಚೀಸ್ ಬೋರ್ಡ್ ಜೋಡಿಸುವ ಗೃಹಸ್ಥ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಹೆಚ್ಚಾಗಿ ಐದನೇ ಮಹಡಿಯಿಂದ ಮೇಲೆ, ಕಂಡುಬರುತ್ತಾನೆ. ವಯಸ್ಸು ನಲವತ್ತೈದರಿಂದ ಐವತ್ತೈದು. ಪಂಚೆ ಉಟ್ಟಾಗ ಇವನನ್ನು ಗುರುತಿಸುವುದು ಕಷ್ಟ. ಏಪ್ರನ್ ಕಟ್ಟಿದ ಮೇಲೆ ಅನುಮಾನಕ್ಕೆ ಎಡೆಯಿಲ್ಲ. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಗೃಹಪ್ರವೇಶದ ಮರುವಾರದ ಸಂಜೆಕೂಟ, ಇವು ಇವನ ಸುಗ್ಗಿಯ ಕಾಲ. ಇವನು ಅಡುಗೆ ಮಾಡುವುದಿಲ್ಲ, ಒಲೆಯ ಹತ್ತಿರ ಸುಳಿಯುವುದೂ ಇಲ್ಲ. ಮನೆಯಾಕೆ ಒಬ್ಬಳೇ ಮೂವತ್ತು ಜನಕ್ಕೆ ಬಿಸಿಬೇಳೆಬಾತ್ ಮಾಡಿಟ್ಟರೆ ಅದು ದಿನದ ಕೆಲಸ. ಇವನು ದ್ರಾಕ್ಷಿ ಗೊಂಚಲೊಂದನ್ನು ಎಡದಿಂದ ಬಲಕ್ಕೆ ಸರಿಸಿದರೆ ಅದು ಕಲೆ.

ಈ ಬರಹಕ್ಕೆ ಆಧಾರವಾಗಿ ಬಳಸಿದ ಮಾದರಿಯು ಲೇಖಕನ ಷಡ್ಡಕನಾಗಿರುವುದು ಕೇವಲ ಆಕಸ್ಮಿಕ. ಇದರಿಂದ ಬರಹದ ನಿಷ್ಪಕ್ಷಪಾತಕ್ಕೆ ಧಕ್ಕೆಯಿಲ್ಲವೆಂದು, ಲೇಖಕನ ಹೆಂಡತಿ, ಅವಳ ತಂಗಿ ಮತ್ತು ಅವರ ತಾಯಿಯನ್ನು ಬಿಟ್ಟು, ಎಲ್ಲರೂ ಒಪ್ಪಿದ್ದಾರೆ.

ಈ ಗುಣ ಹುಟ್ಟಿನಿಂದ ಬರುವುದಿಲ್ಲ, ಆನ್‌ಸೈಟಿನಿಂದ ಬರುತ್ತದೆ. ಎಂಬತ್ತರ ದಶಕದಲ್ಲಿ ಹಾಸನದಲ್ಲೋ ಶಿವಮೊಗ್ಗದಲ್ಲೋ ಬೆಳೆದ ಹುಡುಗನಿಗೆ ಚೀಸ್ ಎಂದರೆ ಡಬ್ಬಿಯ ಅಮುಲ್, ಅದೂ ಬೆಂಗಳೂರಿನ ಚಿಕ್ಕಪ್ಪ ನೆನಪಿಟ್ಟುಕೊಂಡು ತಂದರೆ. ಅದೇ ಹುಡುಗ ಮುಂದೆ ಕಂಪನಿಯ ಕೆಲಸಕ್ಕೆ ಹಾಲೆಂಡಿಗೆ ಹೋಗಿ ಎರಡು ಚಳಿಗಾಲ ಕಳೆಯುತ್ತಾನೆ. ಆಲ್ಕ್‌ಮಾರ್ ಎಂಬ ಊರಿನ ಚೌಕದಲ್ಲಿ ಬೇಸಿಗೆಯ ಶುಕ್ರವಾರಗಳಂದು ಚೀಸ್ ಸಂತೆ ನಡೆಯುತ್ತದೆ. ಬಿಳಿ ಬಟ್ಟೆ, ಹುಲ್ಲಿನ ಟೋಪಿ ತೊಟ್ಟ ಹೊರೆಯಾಳುಗಳು ಗಾಲಿಯಷ್ಟು ದೊಡ್ಡ ಹಳದಿ ಚೀಸುಗಳನ್ನು ತೊಟ್ಟಿಲಿನಂಥ ಮರದ ಅಡ್ಡೆಯಲ್ಲಿ ಹೊತ್ತು ಓಡುತ್ತಾರೆ. ಅವರ ಪಕ್ಕ ನಿಂತು ತೆಗೆಸಿಕೊಂಡ ಫೋಟೊ ಒಂದು ಇವನ ಮನೆಯ ಹಾಲಿನಲ್ಲಿ, ಮನೆದೇವರ ಫೋಟೊಕ್ಕಿಂತ ಒಂದೇ ಮೊಳೆ ಕೆಳಗೆ, ತೂಗುತ್ತಿರುತ್ತದೆ.

ಚೀಸ್ ಬೋರ್ಡಿಗೆ ಆಯಾ ದೇಶದ ಊಟದಲ್ಲಿ ಗೊತ್ತಾದ ಜಾಗವಿದೆ. ಫ್ರಾನ್ಸಿನಲ್ಲಿ ಮುಖ್ಯ ಊಟವಾದ ಮೇಲೆ, ಸಿಹಿಗೆ ಮೊದಲು ಬರುತ್ತದೆ. ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿ ಸಿಹಿಯೂ ಮುಗಿದ ಮೇಲೆ, ಪೋರ್ಟ್ ವೈನಿನ ಜೊತೆ. ಅಮೆರಿಕದವರು ಇದನ್ನು ಊಟಕ್ಕೆ ಮೊದಲೇ, ನಿಂತು ಹರಟುತ್ತಾ ತಿನ್ನಲು ಇಡುತ್ತಾರೆ. ಬೆಂಗಳೂರಿನಲ್ಲಿ ಜಾಗ ಇನ್ನೂ ಇತ್ಯರ್ಥವಾಗಿಲ್ಲ. ಆದ್ದರಿಂದ ಇದನ್ನೇ ಊಟವೆಂದು ಬಗೆದು ಹೊಟ್ಟೆ ತುಂಬಿಸಿಕೊಳ್ಳಬೇಕೋ, ಊಟಕ್ಕೆ ಜಾಗ ಉಳಿಸಿಕೊಳ್ಳಬೇಕೋ ತಿಳಿಯದೆ, ಬಂದವರು ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲ ಕಡೆ ಕಣ್ಣಿಟ್ಟು ನಿಂತಿರುತ್ತಾರೆ. ಬಾಗಿಲಿನಿಂದ ಒಗ್ಗರಣೆಯ ವಾಸನೆ ಬಂದರೆ ಅರ್ಧ ಜನಕ್ಕೆ ಸಮಾಧಾನ.

ಸಾಮಗ್ರಿಯಲ್ಲಿ ಮೊದಲನೆಯದು ಹಲಗೆ. ಮಾವು, ಬೀಟೆ, ಅಕೇಶಿಯಾ ಯಾವುದಾದರೂ ನಡೆಯುತ್ತದೆ. ಮರ ಗಟ್ಟಿಯಾಗಿರಬೇಕು, ವಾಸನೆ ಇರಬಾರದು. ಷಡ್ಡಕ ಮೊದಮೊದಲು ಮಾವಿನ ಹಲಗೆಯಲ್ಲಿ ತೃಪ್ತನಾಗಿದ್ದ. ಆಮೇಲೆ ಕರಿಯ ಸ್ಲೇಟಿನ ಹಲಗೆ ಬಂತು. ಪ್ರತಿ ಚೀಸಿನ ಪಕ್ಕದಲ್ಲಿ ಅದರ ಹೆಸರನ್ನು ಬಳಪದಲ್ಲಿ ಬರೆಯಬಹುದು ಎಂಬುದು ಇದರ ಅನುಕೂಲ. ಒಂದನೇ ಕ್ಲಾಸಿನ ಮಕ್ಕಳು ಚೀಲದಲ್ಲಿ ಹೊತ್ತು ತಿರುಗುತ್ತಿದ್ದ ವಸ್ತುವಿಗೆ ಇವನು ಎಷ್ಟು ಕೊಟ್ಟ ಎಂಬುದನ್ನು ಅತ್ತೆಯವರಿಂದ ಇಂದಿಗೂ ಮುಚ್ಚಿಡಲಾಗಿದೆ.

ಎರಡನೆಯದು ಚಾಕುಗಳು. ಮೆತ್ತನೆಯ ಚೀಸಿಗೆ ತೂತುಗಳಿರುವ ತೆಳು ಚಾಕು. ಅಲಗಿಗೆ ಚೀಸ್ ಅಂಟದಿರಲಿ ಎಂದು ಆ ತೂತು. ಗಟ್ಟಿ ಚೀಸನ್ನು ಕೊಯ್ಯುವುದಿಲ್ಲ, ಬಾದಾಮಿ ಆಕಾರದ ಮೊಂಡು ಅಲಗಿನಿಂದ ಚುಚ್ಚಿ ಸೀಳುತ್ತಾರೆ. ನಡುವಿನ ಹದದ್ದಕ್ಕೆ ನಾರ್ವೆಯ ಹೆರೆಚಾಕು. ಇದನ್ನು ಥೋರ್ ಬ್ಯೋರ್ಕ್ಲುಂಡ್ ಎಂಬ ಬಡಗಿ, ಮರ ಹೆರೆಯುವ ಹತ್ತರಿಯ ಜಾಡಿನಲ್ಲಿ ಮಾಡಿ 1925ರಲ್ಲಿ ಪೇಟೆಂಟ್ ಪಡೆದ. ಷಡ್ಡಕನ ಬಳಿ ಮೂರೂ ಇವೆ. ಕೂಟ ಶುರುವಾದ ಹತ್ತು ನಿಮಿಷದಲ್ಲಿ ಮೂರೂ ಮಾಯವಾಗಿ ಎಲ್ಲರೂ ಒಂದೇ ಸ್ಟೀಲ್ ಚಮಚದಲ್ಲಿ ಕೆಲಸ ನಡೆಸುವುದು ರೂಢಿ.

ಚೀಸಿನ ಆಯ್ಕೆಗೆ ಶಾಸ್ತ್ರವಿದೆ. ಸಂಖ್ಯೆ ಬೆಸವಾಗಿರಬೇಕು: ಮೂರು, ಐದು, ಹೆಚ್ಚೆಂದರೆ ಏಳು. ಮೆತ್ತನೆಯದೊಂದು, ನಡುಹದದ್ದೊಂದು, ಹಳತಾಗಿ ಗಟ್ಟಿಯಾದದ್ದೊಂದು, ನೀಲಿಗೆರೆಯದ್ದೊಂದು ಇದ್ದರೆ ಬೋರ್ಡು ತುಂಬಿದಂತೆ. ಸಾಧ್ಯವಾದರೆ ಹಸುವಿನ ಹಾಲಿನದರ ಜೊತೆಗೆ ಆಡಿನದೋ ಕುರಿಯದೋ ಒಂದಿರಲಿ. ಊಟಕ್ಕೆ ಮುಂಚಿನ ಬೋರ್ಡಾದರೆ ತಲೆಗೆ 50ರಿಂದ 75 ಗ್ರಾಂ ಸಾಕು. ಎಲ್ಲವೂ ಪರದೇಶದಿಂದಲೇ ಬರಬೇಕೆಂದಿಲ್ಲ. ಕೊಡೈಕೆನಾಲಿನಲ್ಲಿ, ಆರೋವಿಲ್ಲಿನಲ್ಲಿ ಒಳ್ಳೆಯ ಚೀಸ್ ಮಾಡುತ್ತಾರೆ. ಬೆಂಗಳೂರಿನಲ್ಲೇ ವಲ್ಲೊಂಬ್ರೋಸಾ ಪಂಥದ ಬೆನೆಡಿಕ್ಟೀನ್ ಸನ್ಯಾಸಿಗಳು ಮಾಡುವ ಮೊಝರೆಲ್ಲಾ ಪ್ರಸಿದ್ಧ.

ನೀಲಿಗೆರೆಯ ಚೀಸಿನ ವಿಷಯದಲ್ಲಿ ಕುಟುಂಬದಲ್ಲಿ ಒಮ್ಮತವಿಲ್ಲ. ಆ ಗೆರೆಗಳು ಪೆನಿಸಿಲಿಯಂ ರೋಕ್‌ಫೋರ್ಟಿ ಎಂಬ ಶಿಲೀಂಧ್ರದವು. ಚೀಸಿನ ಮುದ್ದೆಯನ್ನು ಸೂಜಿಯಿಂದ ಚುಚ್ಚಿ ಗಾಳಿಯಾಡಿಸಿದರೆ ಅದು ಒಳಗೆಲ್ಲ ಹರಡುತ್ತದೆ. ದಕ್ಷಿಣ ಫ್ರಾನ್ಸಿನ ರೋಕ್‌ಫೋರ್ ಊರಿನ ಗುಹೆಗಳಲ್ಲಿ ಹಣ್ಣಾದ ಚೀಸಿಗೆ ಮಾತ್ರ ಆ ಹೆಸರು ಸಲ್ಲಬೇಕೆಂದು 1925ರಲ್ಲಿ ಕಾನೂನೇ ಆಯಿತು. ಬ್ರೀ ಚೀಸಿನ ಮೇಲಿನ ಬಿಳಿಯ ಮಖಮಲ್ಲಿನ ಸಿಪ್ಪೆಯೂ ಇದೇ ಬಳಗದ ಇನ್ನೊಂದು ಶಿಲೀಂಧ್ರ. ಇಷ್ಟನ್ನೂ ಷಡ್ಡಕ ಸೊಗಸಾಗಿ ವಿವರಿಸುತ್ತಾನೆ. ಉಪ್ಪಿನಕಾಯಿಗೆ ಬೂಷ್ಟು ಬಂದರೆ ಸೊಸೆಗೆ ಬೈಯುವ ಮನೆಯಲ್ಲಿ, ಚೀಸಿಗೆ ಬೂಷ್ಟು ಬಂದರೆ ಅಳಿಯನನ್ನು ಹೊಗಳಬೇಕಾದ ನ್ಯಾಯವನ್ನು ಮಾತ್ರ ಅವನು ಈವರೆಗೆ ವಿವರಿಸಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಸಸ್ಯಾಹಾರದ ಪ್ರಶ್ನೆ. ಹಾಲನ್ನು ಗಟ್ಟಿಗೊಳಿಸಲು ಹೆಪ್ಪಿನ ಬದಲು ರೆನೆಟ್ ಎಂಬ ಕಿಣ್ವ ಬಳಸುತ್ತಾರೆ. ಹಳೆಯ ಕ್ರಮದಲ್ಲಿ ಇದನ್ನು ಕರುವಿನ ಜಠರದಿಂದ ತೆಗೆಯುತ್ತಿದ್ದರು. ಇಟಲಿಯ ಪಾರ್ಮಿಜಾನೊ ರೆಜ್ಜಾನೊಗೆ ಇಂದಿಗೂ ಕರುವಿನ ರೆನೆಟ್ಟೇ ಆಗಬೇಕೆಂಬ ನಿಯಮವಿದೆ. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ಟಿನ ಚೀಸುಗಳೂ ಬೇಕಾದಷ್ಟಿವೆ, ನಮ್ಮಲ್ಲಿ ಅಂಥವುಗಳ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದೆ. ಅತ್ತೆ ಬರುವ ಸಮಾರಂಭಗಳಿಗೆ ಷಡ್ಡಕ ಅಂಗಡಿಯಲ್ಲಿ ಕನ್ನಡಕ ಹಣೆಗೇರಿಸಿ ಒಂದೊಂದು ಪೊಟ್ಟಣದ ಹಿಂದಿನ ಸಣ್ಣಕ್ಷರವನ್ನೂ ಓದುತ್ತಾನೆ. ಪಾರ್ಮಿಜಾನೊ ತನಗೆ ಪ್ರಾಣವಾದರೂ ತರುವುದಿಲ್ಲ. ರೋಕ್‌ಫೋರನ್ನೂ ಬಿಟ್ಟು, ಹಸಿರು ಚುಕ್ಕೆಯ ಡ್ಯಾನಿಷ್ ನೀಲಿ ತರುತ್ತಾನೆ. ಮನೆಗೆ ಬಂದು ಸ್ಲೇಟಿನ ಮೇಲೆ ಪ್ರತಿ ಹೆಸರಿನ ಮುಂದೆ ಹಸಿರು ಬಳಪದಲ್ಲಿ ಒಂದು ಚುಕ್ಕೆ ಇಡುತ್ತಾನೆ. ಅತ್ತೆ ಆ ಚುಕ್ಕೆಗಳನ್ನು ಒಂದೊಂದಾಗಿ ನೋಡಿ, ತಲೆಯಾಡಿಸಿ, ಎರಡು ಬಾದಾಮಿ ಮಾತ್ರ ಬಾಯಿಗೆ ಹಾಕಿಕೊಳ್ಳುತ್ತಾರೆ. ಇಬ್ಬರಿಗೂ ಸಂತೋಷ. ನಿಷ್ಪಕ್ಷಪಾತಿಯಾದ ಲೇಖಕ ಇದನ್ನು ದಾಖಲಿಸಲೇಬೇಕು.

ಹಣ್ಣುಗಳ ಕೆಲಸ ಚೀಸಿನ ಉಪ್ಪು ಮತ್ತು ಜಿಡ್ಡಿಗೆ ಎದುರು ನಿಲ್ಲುವುದು. ದ್ರಾಕ್ಷಿ, ಅಂಜೂರ, ಸೇಬು, ಪೇರುಹಣ್ಣು ಇದಕ್ಕೆ ಒದಗುತ್ತವೆ. ಭೌಗೋಳಿಕ ಸೂಚಕ ಪಡೆದ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯ ಬಣ್ಣಕ್ಕೆ ಸಾಟಿಯಿಲ್ಲ. ಆದರೆ ಬೀಜ ಉಗಿಯಲು ಜಾಗವಿಲ್ಲದ ಸೋಫಾ ಇರುವ ಮನೆಯಲ್ಲಿ ಅದು ನಡೆಯುವುದಿಲ್ಲ. ಹೆಚ್ಚಿದ ಸೇಬು ಗಾಳಿ ತಾಗಿ ಕಂದಾಗದಿರಲು ನಿಂಬೆರಸದ ನೀರಿನಲ್ಲಿ ಅದ್ದಿ ತೆಗೆಯಬೇಕು. ಅನಾನಸ್, ಪರಂಗಿ, ಕಿವಿ ಹಣ್ಣುಗಳು ಹಸಿಯಾಗಿದ್ದರೆ ದೂರವಿರಲಿ: ಇವುಗಳ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಸಾಗರದ ಬಂಧುವೊಬ್ಬರು ತಮ್ಮದೇ ತೋಟದ ಅನಾನಸ್ ಹೆಚ್ಚಿಸಿಕೊಂಡು ಬಂದಾಗ ಷಡ್ಡಕ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಕೃತಜ್ಞತೆ ಹೇಳಿ, ಮಲಗುವ ಕೋಣೆಯ ಬೀರುವಿನ ಪಕ್ಕ ಇಟ್ಟು ಬಂದದ್ದಕ್ಕೆ ಕಾರಣ ಇದೇ. ಸ್ಪೇನಿನವರು ಮಾಂಚೆಗೊ ಚೀಸಿನ ಜೊತೆ ಕ್ವಿನ್ಸ್ ಹಣ್ಣಿನ ಗಟ್ಟಿ ಪಾಕ ಇಡುತ್ತಾರೆ. ಇಲ್ಲಿ ಆ ಜಾಗಕ್ಕೆ ಗೋವಾ, ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಪೇರಳೆಯಿಂದ ಮಾಡುವ ಪೆರಾಡ್ ಚೆನ್ನಾಗಿ ಕೂರುತ್ತದೆ. ಕೊಡಗಿನ ಜೇನು, ಅಕ್ರೋಟು ಸೇರಿದರೆ ಮುಗಿಯಿತು. ಬಿಸ್ಕತ್ತಿನ ವಿಷಯದಲ್ಲಿ ಒಂದು ಮಾತು: ಬ್ರೀ ಚೀಸಿಗೆ ನಿಪ್ಪಟ್ಟಿನಷ್ಟು ಹೊಂದುವ ಜೊತೆ ಪ್ರಪಂಚದಲ್ಲಿ ಇನ್ನೊಂದಿಲ್ಲ. ಷಡ್ಡಕ ಇದನ್ನು ಒಪ್ಪುವುದಿಲ್ಲ. ರುಚಿ ನೋಡಲೂ ಒಪ್ಪುವುದಿಲ್ಲ.

ಜೋಡಿಸುವ ಕ್ರಮ ಹೀಗೆ. ಮೊದಲು ಜೇನು, ಪಾಕಗಳ ಪುಟ್ಟ ಬಟ್ಟಲುಗಳು. ಆಮೇಲೆ ಚೀಸುಗಳು, ಒಂದರ ವಾಸನೆ ಇನ್ನೊಂದಕ್ಕೆ ಹತ್ತದಷ್ಟು ದೂರದಲ್ಲಿ. ಅವುಗಳ ಸುತ್ತ ಹಣ್ಣು, ಹಣ್ಣಿಗೊರಗಿ ಬಿಸ್ಕತ್ತಿನ ಸಾಲು, ಸಂದುಗಳಲ್ಲಿ ಬಾದಾಮಿ, ಗೋಡಂಬಿ. ಹಲಗೆಯ ಮೈ ಕಾಣದಂತೆ ತುಂಬುವುದು ಈಚಿನ ಷೋಕಿ. ಕೊನೆಗೆ ಹಸಿರಿಗೆಂದು ರೋಸ್‌ಮೆರಿಯ ಎಸಳು. ಅದು ಸಿಗದ ದಿನ ಬಾಲ್ಕನಿಯ ಕುಂಡದ ದೊಡ್ಡಪತ್ರೆ ಆ ಗೌರವ ಪಡೆಯುತ್ತದೆ. ಅತಿಥಿಗಳು ಹೋದ ಮೇಲೆ ಅತ್ತೆ ಅದನ್ನು ಆರಿಸಿ ಮರುದಿನ ತಂಬುಳಿ ಮಾಡುತ್ತಾರೆ.

ಇಷ್ಟಾದ ಮೇಲೆ ತಿನ್ನಬಹುದೆಂದು ಯಾರಾದರೂ ಊಹಿಸಿದರೆ ಅವರಿಗೆ ಈ ಪ್ರಭೇದದ ಪರಿಚಯವಿಲ್ಲ. ಮೊದಲು ಚೀಸು ಚಳಿ ಬಿಡಬೇಕು. ಫ್ರಿಜ್ಜಿನ ತಂಪಿಗೆ ಕೊಬ್ಬು ಬಿಗಿದು ರುಚಿ, ಪರಿಮಳ ಎರಡೂ ಅಡಗಿರುತ್ತವೆ. ಅರ್ಧದಿಂದ ಒಂದು ಗಂಟೆ ಹೊರಗಿಟ್ಟರೆ ಅರಳುತ್ತವೆ. ಎರಡು ಗಂಟೆ ದಾಟಿದರೆ ಮೆತ್ತನೆಯ ಚೀಸು ಕೆಡುವ ಭಯ. ಹೀಗೆ ನಡುವೆ ಸಿಗುವ ಒಂದು ಗಂಟೆಯನ್ನು ಯುರೋಪಿನವರು ತಿನ್ನುವುದಕ್ಕೆ ಬಳಸುತ್ತಾರೆ. ಬೆಂಗಳೂರಿನಲ್ಲಿ ಅದು ಫೋಟೊಗೆ ಮೀಸಲು.

ಷಡ್ಡಕನ ಮದುವೆಯ ಇಪ್ಪತ್ತೈದನೇ ವರ್ಷದ ಕೂಟ ಏಪ್ರಿಲ್ ತಿಂಗಳಲ್ಲಿ ನಡೆಯಿತು. ಅತಿಥಿಗಳು ಏಳಕ್ಕೆ ಬಂದರು, ಚೀಸು ಆರಕ್ಕೇ ಹೊರಬಂದಿತ್ತು. ಏಳೂಕಾಲಿಗೆ ಷಡ್ಡಕ ಸ್ಟೂಲು ಹತ್ತಿದ. ಬೋರ್ಡಿನ ಫೋಟೊವನ್ನು ಆಕಾಶದಿಂದ ನೋಡಿದಂತೆ ತೆಗೆಯಬೇಕು ಎಂಬುದು ನಿಯಮ. ಅವನ ಹೆಂಡತಿ, ಅಂದರೆ ಆ ದಿನದ ವಧು, ಬೆಳಕು ಹಾಯಿಸಲು ಥರ್ಮಾಕೋಲ್ ಹಲಗೆ ಎತ್ತಿ ಹಿಡಿದಿದ್ದಳು. ಮಗ ಟಾರ್ಚು. ಟ್ಯೂಬ್‌ಲೈಟು ಆರಿತು, ಹೊತ್ತಿತು, ಮತ್ತೆ ಆರಿತು. ಫ್ಯಾನ್ ನಿಂತಿತು, ದೊಡ್ಡಪತ್ರೆ ಅಲುಗುತ್ತಿತ್ತಂತೆ. ಮೂವತ್ತು ಜನ ಗೋಡೆಗೊರಗಿ, ಬೆವರುತ್ತಾ, ತಮ್ಮ ನೆರಳು ಬೋರ್ಡಿನ ಮೇಲೆ ಬೀಳದಂತೆ ನಿಂತರು. ಹಸಿದವರ ನಡುವೆ ಬೆಳೆಯುವ ಸೋದರಭಾವವನ್ನು ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಸ್ವಂತ ಹೆಂಡತಿಯೊಡನೆ ಮಾತು ಬಿಟ್ಟಿದ್ದ ಕೆಲವರು ಕೂಡ ಆ ಹೊತ್ತಿನಲ್ಲಿ ಕಣ್ಣಲ್ಲೇ ಮಾತಾಡಿಕೊಂಡರು.

ದಾವಣಗೆರೆಯ ದೊಡ್ಡಮಾವನವರಿಗೆ ಸಕ್ಕರೆ ಕಾಯಿಲೆ. ಏಳು ಗಂಟೆಗೆ ಊಟವೆಂದು ನಂಬಿ ಮಾತ್ರೆ ನುಂಗಿದ್ದರು. ಏಳೂ ನಲವತ್ತಕ್ಕೆ ಅವರು ಮೆಲ್ಲಗೆ ಕೈಚಾಚಿ ಒಂದು ದ್ರಾಕ್ಷಿ ಕಿತ್ತರು. ಅದು ಗೊಂಚಲಿನ ತಳದ ದ್ರಾಕ್ಷಿ. ಗೊಂಚಲಿಗೆ ಅಂಜೂರ ಒರಗಿತ್ತು, ಅಂಜೂರಕ್ಕೆ ಬಿಸ್ಕತ್ತಿನ ಸಾಲು. ಒಂದಾದ ಮೇಲೊಂದು ಜಾರಿ, ಗೋಡಂಬಿಯನ್ನು ಮುಂದೆ ತಳ್ಳಿಕೊಂಡು, ಜೇನಿನ ಬಟ್ಟಲಿನವರೆಗೆ ಹೋಗಿ ನಿಂತವು. ಸ್ಟೂಲಿನ ಮೇಲಿನಿಂದ "ಪರವಾಗಿಲ್ಲ ದೊಡ್ಡಮಾವ, ಪರವಾಗಿಲ್ಲ" ಎಂಬ ಮಾತು ಕೇಳಿಸಿತು. ದನಿಯಲ್ಲಿ ಜೀವವಿರಲಿಲ್ಲ.

ಈ ಗದ್ದಲದಲ್ಲಿ ಬ್ರೀ ಚೀಸು ಯಾರ ಅಪ್ಪಣೆಗೂ ಕಾಯದೆ ಕರಗಿ ಹಲಗೆಯ ಅಂಚಿನ ಕಡೆ ಹೊರಟಿತ್ತು. ಅದರ ತ್ರಿಕೋನದ ತುಂಡನ್ನು ಕೊಯ್ಯುವುದಕ್ಕೆ ಫ್ರೆಂಚರಲ್ಲಿ ಕಟ್ಟುನಿಟ್ಟಿನ ಕ್ರಮವಿದೆ. ತುದಿಯ ಮೂಗನ್ನು ಅಡ್ಡಡ್ಡ ಕತ್ತರಿಸಕೂಡದು. ಇಡೀ ಚೀಸಿನ ನಡುಭಾಗ, ಎಲ್ಲಕ್ಕಿಂತ ರುಚಿಯಾದದ್ದು, ಅಲ್ಲಿರುತ್ತದೆ. ಉದ್ದಕ್ಕೆ ಸೀಳಿದರೆ ಎಲ್ಲರಿಗೂ ಸ್ವಲ್ಪ ನಡುಭಾಗ, ಸ್ವಲ್ಪ ಸಿಪ್ಪೆ ಸಮಪಾಲು. ದೊಡ್ಡಮಾವನವರು ಮೊದಲ ಏಟಿಗೆ ಮೂಗು ಹಾರಿಸಿದರು. ಅದರ ಬಿಳಿ ಸಿಪ್ಪೆಯನ್ನು, ತಿನ್ನಬಹುದಾದದ್ದನ್ನು, ಬೂಷ್ಟೆಂದು ಕೆರೆದು ತಟ್ಟೆಯ ಬದಿಗಿಟ್ಟರು. ಗೌಡಾ ಚೀಸಿನ ಕೆಂಪು ಮೇಣದ ಹೊದಿಕೆಯನ್ನು, ತಿನ್ನಬಾರದ್ದನ್ನು, ಬಾಯಿಗಿಟ್ಟು ಬಹಳ ಹೊತ್ತು ಅಗಿದು, "ಈ ಹಲ್ವಾ ಸ್ವಲ್ಪ ಗಡುಸು" ಎಂದರು. ಆಮೇಲೆ ಕರ್ಚೀಫಿನಲ್ಲಿ ಬಾಯೊರೆಸಿ, ಅಲ್ಲಿದ್ದವರೆಲ್ಲ ಕೇಳಲು ಹೆದರಿದ್ದ ಪ್ರಶ್ನೆ ಕೇಳಿದರು: "ಊಟ ಎಷ್ಟು ಹೊತ್ತಿಗಪ್ಪಾ?"

ಅಡುಗೆಮನೆಯಲ್ಲಿ ಅತ್ತೆ ಮಾಡಿಟ್ಟಿದ್ದ ಮೊಸರನ್ನ ಮೊದಲ ಸುತ್ತಿಗೇ ಖಾಲಿಯಾಯಿತು. ಬಡಿಸಿಕೊಂಡವರಲ್ಲಿ ಲೇಖಕ ಎಷ್ಟನೆಯವನು ಎಂಬುದು ಇಲ್ಲಿ ಅಪ್ರಸ್ತುತ.

ಬೋರ್ಡಿನ ಗತಿಯನ್ನು ತಿರುಗಿಸಿದವರೂ ಅತ್ತೆಯೇ. ಸೌಟು ಹಿಡಿದೇ ಹೊರಬಂದು, ಕುಸಿದದ್ದನ್ನು ನೋಡಿ, "ತಳ ಕಟ್ಟದೆ ಹಣ್ಣು ನಿಲ್ಲಿಸಿದ್ದೀರಲ್ಲ" ಎಂದರು. ಡಬ್ಬಿಯಿಂದ ಬಾದಾಮಿ ಸುರಿದು ಹಾಸು ಮಾಡಿ, ಗೊಂಚಲನ್ನು ಅದರಲ್ಲಿ ಹೂತು ನಿಲ್ಲಿಸಿದರು. ಎರಡು ನಿಮಿಷದ ಕೆಲಸ. ಸೀಮಂತ, ನಿಶ್ಚಿತಾರ್ಥಗಳ ತಟ್ಟೆಗೆ ಅಕ್ಕಿ ಹರಡಿ ಹಣ್ಣು ನಿಲ್ಲಿಸುವ ಉಪಾಯವೇ ಇದು. ಬೋರ್ಡಿನ ಮಿಕ್ಕ ಶಾಸ್ತ್ರವೂ ಆ ತಟ್ಟೆಗಳಲ್ಲಿ ಮೊದಲೇ ಇದೆ. ಐದು, ಏಳು, ಒಂಬತ್ತು ಎಂಬ ಬೆಸದ ಲೆಕ್ಕ. ಬಣ್ಣದ ಪಕ್ಕ ಬಣ್ಣ ಹೊಂದಿಸುವ ಚಿಂತೆ. ಸಕ್ಕರೆ ಅಚ್ಚಿನ ಆನೆ ನವಿಲುಗಳು, ಕೊಬ್ಬರಿ ಗಿಟುಕಿನ ಮೇಲೆ ಬಿಡಿಸಿದ ಬಳ್ಳಿ. ಆರತಿಗೆ ಮುಂಚೆ ಮುಟ್ಟಿದ ಮಕ್ಕಳಿಗೆ ಬೀಳುತ್ತಿದ್ದ ಏಟೂ ಆ ಶಾಸ್ತ್ರದ ಭಾಗವೇ. ತಿನ್ನಲು ಯಾರೂ ಅವಸರ ಮಾಡದ ತಿನಿಸನ್ನು ರಾತ್ರಿಯಿಡೀ ಕೂತು ಅಲಂಕರಿಸುವ ಹುಚ್ಚು ಷಡ್ಡಕನಿಗೆ ಹಾಲೆಂಡಿನಿಂದ ಬಂತೋ ಅತ್ತೆಯಿಂದ ಬಂತೋ ಹೇಳುವುದು ಕಷ್ಟ. ಸಮಾರಂಭದ ಹಿಂದಿನ ರಾತ್ರಿ ಇಬ್ಬರೂ ಊಟದ ಮೇಜಿನ ಎದುರುಬದುರು ಕೂತು, ಒಬ್ಬರು ಅಂಜೂರ ನಾಲ್ಕು ಸೀಳು ಮಾಡುತ್ತಾ, ಒಬ್ಬರು ದ್ರಾಕ್ಷಿ ಒರೆಸುತ್ತಾ, ಮಾತಿಲ್ಲದೆ ಗಂಟೆಗಟ್ಟಲೆ ಕಳೆಯುತ್ತಾರೆ. ಆಗ ಆ ಕೋಣೆಗೆ ಹೋದ ಇನ್ನೊಬ್ಬ ಅಳಿಯ, ತಿನ್ನುವುದನ್ನು ಬಿಟ್ಟು ಬೇರೆ ಕಸುಬು ಕಲಿಯದವನು, ಒಂದು ಗೋಡಂಬಿ ಎತ್ತಿಕೊಂಡು ಹಿಂತಿರುಗುತ್ತಾನೆ. ಈಗ ಸೀಮಂತದ ತಟ್ಟೆಗಳನ್ನು ದುಡ್ಡಿಗೆ ಜೋಡಿಸಿಕೊಡುವವರು ಬಡಾವಣೆಗೊಬ್ಬರಿದ್ದಾರೆ. ಅತ್ತೆಯನ್ನು ಆ ಕೆಲಸಕ್ಕೆ ಕರೆಯುವವರು ಕಡಿಮೆಯಾಗಿದ್ದಾರೆ. ಬೋರ್ಡಿಗೆ ಮಾತ್ರ ಕರೆ ತಪ್ಪಿಲ್ಲ. ಈ ನಾಲ್ಕು ಸಾಲು ಪ್ರಭೇದದ ಲಕ್ಷಣಗಳಿಗೆ ಸೇರಿದವಲ್ಲ. ಓದುಗರು ಬಿಟ್ಟು ಮುಂದೆ ಹೋಗಬಹುದು.

ಉಳಿದದ್ದರ ವಿಲೇವಾರಿ. ಹೆಚ್ಚಿದ ಹಣ್ಣು ಅಂದಿಗಂದೇ ಮುಗಿಯಬೇಕು. ಮೆತ್ತನೆಯ ಚೀಸು ಒಂದೆರಡು ದಿನದಲ್ಲಿ ಖರ್ಚಾಗಲಿ, ದೋಸೆಯ ಮೇಲೆ ಸವರಿದರೆ ಮಕ್ಕಳೇ ಮುಗಿಸುತ್ತಾರೆ. ಗಟ್ಟಿಯದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯದೆ ಮೇಣದ ಕಾಗದದಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಬಾಳುತ್ತದೆ. ಮರದ ಹಲಗೆಯನ್ನು ನೀರಿನಲ್ಲಿ ನೆನೆಹಾಕಬಾರದು, ಸೀಳು ಬಿಡುತ್ತದೆ. ಒರೆಸಿ, ಒಣಗಿಸಿ, ಆಹಾರಕ್ಕೆ ಸಲ್ಲುವ ಮಿನರಲ್ ಆಯಿಲ್ ತೆಳ್ಳಗೆ ಹಚ್ಚಬೇಕು. ಅಡುಗೆ ಎಣ್ಣೆ ಹಚ್ಚಿದರೆ ಕಮಟು ವಾಸನೆ ಹಿಡಿಯುತ್ತದೆ. ಅತ್ತೆ ಶೇಂಗಾ ಎಣ್ಣೆಯನ್ನೇ ಹಚ್ಚುತ್ತಾರೆ, ಷಡ್ಡಕ ರಾತ್ರಿ ಎದ್ದು ಒರೆಸುತ್ತಾನೆ.

ಬೀಳ್ಕೊಡುವಾಗ ಪ್ರತಿಯೊಬ್ಬ ಅತಿಥಿಗೂ ತಾಂಬೂಲದ ಜೊತೆ ಒಂದು ಪುಟ್ಟ ಡಬ್ಬಿ ಸಲ್ಲುತ್ತದೆ. ಮುಚ್ಚಳದ ಮೇಲೆ ಚೀಸಿನ ಹೆಸರು, ತಾರೀಕು, 'ತಿನ್ನುವ ಅರ್ಧ ಗಂಟೆ ಮೊದಲು ಹೊರಗಿಡಿ' ಎಂಬ ಸೂಚನೆ, ಎಲ್ಲವೂ ಇವನದೇ ಗುಂಡು ಅಕ್ಷರದಲ್ಲಿ. ಹಿರಿಯ ಅಳಿಯನೆಂಬ ಗೌರವದಿಂದ ಲೇಖಕನ ಪಾಲಿಗೆ ಯಾವಾಗಲೂ, ಬೇರೆ ಯಾರೂ ಮುಟ್ಟದ ಡ್ಯಾನಿಷ್ ನೀಲಿ ಬರುತ್ತದೆ. ಅದು ಲೇಖಕನ ಫ್ರಿಜ್ಜಿನಲ್ಲಿ, ಉಪ್ಪಿನಕಾಯಿ ಜಾಡಿಯ ಹಿಂದೆ, ಮುಂದಿನ ಸಮಾರಂಭದವರೆಗೂ ಇರುತ್ತದೆ. ಅದಕ್ಕೆ ಬೂಷ್ಟು ಬಂದಿದೆಯೇ ಎಂದು ಹೆಂಡತಿ ಆಗಾಗ ಮುಚ್ಚಳ ತೆಗೆದು ನೋಡುವುದುಂಟು, ಆದರೆ ಗೊತ್ತುಮಾಡುವ ಬಗೆ ಮನೆಯಲ್ಲಿ ಯಾರಿಗೂ ತಿಳಿದಿಲ್ಲ.